ಮುಟ್ಟಿಸಿಕೊಂಡವನ ಕೈ

ಇಚಲಕರಂಜಿಯ ನಮ್ಮ ಓಣಿಯಲ್ಲಿ ಹುತುತು, ಅಂದರೆ ಕಬಡ್ಡಿ, ಆಡುವಾಗ ತೀರ್ಪು ಹೇಳಲು ಪಂಚ ಎಂದು ಯಾರನ್ನೂ ನಿಲ್ಲಿಸುತ್ತಿರಲಿಲ್ಲ. ಮೊದಲು ನಿಲ್ಲಿಸುತ್ತಿದ್ದರಂತೆ. ಒಂದು ಸಂಜೆ ಮುಟ್ಟಿದ, ಮುಟ್ಟಲಿಲ್ಲ ಎಂಬ ಮಾತಿಗೆ ಒಬ್ಬನ ತಲೆ ಒಡೆದು, ಎರಡು ಮನೆಗಳ ನಡುವೆ ಮಾತುಕತೆ ನಿಂತುಹೋದ ಮೇಲೆ ಮಲ್ಲಾರಿ ಮಾಸ್ತರರು ಆ ಪದ್ಧತಿಯನ್ನೇ ತೆಗೆದುಹಾಕಿದರು. ಅವರು ಶಾಲೆಯ ಮಾಸ್ತರರಲ್ಲ. ಕಾರಖಾನೆಯಲ್ಲಿ ಕೆಟ್ಟ ಮಗ್ಗ ಸರಿಮಾಡುವ ಜಾಬರ. ಓಣಿಯವರಿಗೆ ಆಟ ಕಲಿಸುತ್ತಿದ್ದುದರಿಂದ ಆ ಹೆಸರು. ಪಂಚನ ಬದಲು ಅವರು ಒಂದು ನಿಯಮ ಇಟ್ಟರು.

"ಮುಟ್ಟಿಸಿಕೊಂಡಾಂವ ತಾನ ಕೈ ಎತ್ತಿ ಹೊರಗ ಹೋಗಬೇಕು. ಮುಟ್ಟಿದಾಂವ ಕೇಳಬಾರದು. ಕೇಳಿದ್ರ ಅವನೂ ಬಾದ, ಆಟದ ಹೊರಗ."

ಹೊಸದಾಗಿ ಬಂದವರು ನಿಯಮದ ಮೊದಲ ಭಾಗಕ್ಕೆ ತಲೆಯಾಡಿಸುತ್ತಿದ್ದರು, ಎರಡನೆಯದಕ್ಕೆ ತಕರಾರು ತೆಗೆಯುತ್ತಿದ್ದರು. ನಾನೂ ಕೇಳಿದ್ದೆ, ಮುಟ್ಟಿದವನು ಯಾಕೆ ಕೇಳಬಾರದು ಎಂದು.

"ಕೇಳೂದಂದ್ರ ಎದುರಿನಾಂವ ಕಳ್ಳ ಅಂದಂಗ" ಎಂದಿದ್ದರು ಮಾಸ್ತರರು. "ಒಂದ ಓಣ್ಯಾಗ ಇರಾವ್ರ ನಾವ."

ಬೇರೆ ಓಣಿಯವರಿಗೆ ಇದು ನಗೆಯ ವಿಷಯ. ನಾವು ಆಡಲು ಹೋದರೆ ದೂರದಿಂದಲೇ, "ಬಂದ್ರಪಾ ಸತ್ಯವಂತರ ಕಂಪನಿ! ನಾಟಕದ ಪಡದಿ ಏರಸ್ರಿ!" ಎಂದು ಕೂಗುತ್ತಿದ್ದರು.

ನಾನು ಆ ಓಣಿಯಲ್ಲಿ ಹುಟ್ಟಿದವನಲ್ಲ, ಗಡಹಿಂಗ್ಲಜದವನು. ಅಪ್ಪ ಅಣ್ಣಾಸಾಹೇಬರದು ಅಲ್ಲಿ ಮೆಣಸಿನಕಾಯಿ ಅಂಗಡಿ. ಕೊಲ್ಲಾಪುರದಲ್ಲಿ ಬಿ.ಎ. ಮುಗಿಸಿದ ಮೇಲೆ ಊರಿಗೆ ಹೋಗುವ ಮನಸ್ಸಾಗದೆ, ಇಚಲಕರಂಜಿಯ ಒಬ್ಬ ನೂಲಿನ ವ್ಯಾಪಾರಿಯ ಹತ್ತಿರ ಪತ್ರ ಬರೆಯುವ ಕೆಲಸ ಹಿಡಿದಿದ್ದೆ. ಮಾತು ಮೊದಲಿನಿಂದಲೂ ಕಡಿಮೆ. ಓಣಿಯಲ್ಲಿ ನನ್ನ ಹೆಸರು ಗುರುಸಿದ್ದ ಎಂದು ಗೊತ್ತಿದ್ದವರಿಗಿಂತ "ಮೂಕ ಬಿ.ಎ." ಎಂದು ಗೊತ್ತಿದ್ದವರೇ ಹೆಚ್ಚು. ಆದರೆ ದಮ್ಮು ಹಿಡಿದು ನಡುಗೆರೆ ದಾಟಿದೆನೆಂದರೆ ಒಂದೇ ಉಸಿರಿನಲ್ಲಿ ಎಷ್ಟು ಹೊತ್ತು ಬೇಕಾದರೂ ಹುತುತು ಎನ್ನುತ್ತಿದ್ದೆ. ಯಾರಿಗೂ ಉತ್ತರ ಕೊಡಬೇಕಾಗಿಲ್ಲದ ಮಾತು ಅದು. ದನಿ ನನ್ನದೇ ಎಂದು ನನಗೆ ಅನಿಸುತ್ತಿದ್ದುದು ಅಲ್ಲಿ ಮಾತ್ರ.

ನನ್ನನ್ನು ಆ ಅಂಗಳಕ್ಕೆ ಎಳೆದುಕೊಂಡು ಹೋದವನು ಅಪ್ಪಣ್ಣ. ಪಕ್ಕದ ಖೋಲಿಯಲ್ಲಿ ತಾಯಿ ಹೌಸಾಬಾಯಿಯ ಜೊತೆ ಇದ್ದ. ನಾಲ್ಕು ಮಗ್ಗ ನಡೆಸುತ್ತಿದ್ದ. ನನ್ನ ಮೊದಲ ಆಟ ನೋಡಿ ಎಲ್ಲರೆದುರು, "ಮೂಕನ ದಮ್ಮ ಭಾಳ ಉದ್ದ ಐತ್ರೆಪಾ! ಮಾತಿನಾಗ ಖರ್ಚ ಮಾಡಿಲ್ಲಲ್ಲ, ಪೂರಾ ಉಳದೈತಿ" ಎಂದು ನಗಿಸಿದ್ದ. ಹೌಸಾಬಾಯಿ ವಾರಕ್ಕೆ ಎರಡು ಮೂರು ಸಲ ನನಗೂ ರೊಟ್ಟಿ ಬಡಿಯುತ್ತಿದ್ದಳು. ಮಗನ ತಾಟಿಗೂ ನನ್ನ ತಾಟಿಗೂ ಪಲ್ಯ ಒಂದೇ ಅಳತೆ.

ಅಪ್ಪಣ್ಣನನ್ನು ನಾನು ನಂಬಿದ್ದು ರೊಟ್ಟಿಯಿಂದಲ್ಲ. ಸಾಂಗ್ಲಿ ನಾಕೆಯ ತಂಡದ ಜೊತೆ ಒಂದು ಆಟ ನಡೆದಿತ್ತು. ಎರಡೂ ಕಡೆ ಸಮ, ಕೊನೆಯ ದಮ್ಮು. ಅವರ ಹುಡುಗನ ಬೆರಳ ತುದಿ ಅಪ್ಪಣ್ಣನ ಬೆನ್ನಿಗೆ ತಾಗಿತೋ ಇಲ್ಲವೋ, ಮುಟ್ಟಿದ ಹುಡುಗನಿಗೇ ಗೊತ್ತಾಗಿರಲಿಲ್ಲ. ಅಪ್ಪಣ್ಣ ಕೈ ಎತ್ತಿ ಹೊರಗೆ ನಡೆದುಬಿಟ್ಟ. ನಾವು ಸೋತೆವು. ನಮ್ಮವರೇ ನಾಲ್ಕು ದಿನ ಅವನ ಜೊತೆ ನೆಟ್ಟಗೆ ಮಾತಾಡಲಿಲ್ಲ. ನಾನು ಕೇಳಿದಾಗ ಅವನು ಬೆನ್ನು ತಿರುಗಿಸಿ ಒಂದು ಕಡೆ ಬೆರಳಿಟ್ಟು ತೋರಿಸಿದ. "ಇಲ್ಲಿ ತಾಗಿದ್ದು ಇನ್ನೂ ಹಂಗ ಐತಿ ನೋಡ. ತೊಳಕೊಂಡ್ರೂ ಹೋಗವಲ್ದು" ಎಂದು ನಕ್ಕ.

ಮಹಾರಾಷ್ಟ್ರ ರಾಜ್ಯವಾಗಿ ಒಂದೂವರೆ ವರ್ಷವಾಗಿತ್ತು. ಆ ವರ್ಷದ ರಾಜ್ಯದ ಪಂದ್ಯಗಳಿಗೆ ಕೊಲ್ಲಾಪುರ ಜಿಲ್ಲೆಯ ತಂಡ ಆರಿಸುತ್ತಾರೆಂದು ಸುದ್ದಿ ಬಂತು. ಅಲ್ಲಿ ಚೆನ್ನಾಗಿ ಆಡಿದವರಿಗೆ ಮಹಾರಾಷ್ಟ್ರದ ತಂಡ. ಆಟಗಾರರನ್ನು ಸಕ್ಕರೆ ಕಾರಖಾನೆಯವರು ಕೆಲಸಕ್ಕೆ ಕರೆಯುತ್ತಾರೆ ಎಂಬ ಮಾತೂ ಇತ್ತು. ಅದೇ ವಾರ ಅಪ್ಪನಿಂದ ಕಾರ್ಡು ಬಂತು. ಅಂಗಡಿಯಲ್ಲಿ ಕೂರಲು ಬಾ, ವರ್ಷಗಟ್ಟಲೆ ಕಾದದ್ದಾಯಿತು ಎಂದು. ನಾನು ಜೀವನದಲ್ಲಿ ಮೊದಲ ಸಲ ಅಪ್ಪನಿಗೆ ಉದ್ದನೆಯ ಪತ್ರ ಬರೆದೆ. ಉತ್ತರ ಎರಡೇ ಸಾಲು: ಆಯ್ಕೆಯಾದರೆ ಇರು. ಆಗದಿದ್ದರೆ ಮರುದಿನದ ಬಸ್ಸಿಗೆ ಬಾ, ಮತ್ತೆ ಆಟದ ಹೆಸರು ತೆಗೆಯಬಾರದು.

ಆ ಕಾರ್ಡನ್ನು ಅಪ್ಪಣ್ಣನಿಗೆ ಓದಿ ಹೇಳಿದೆ. ಅವನಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಕಲಿತದ್ದು ಮರಾಠಿ ಎರಡನೆ ಇಯತ್ತೆ.

"ನಿಮ್ಮಪ್ಪ ಭಾರಿ ಪಂಚ ಆಗತಿದ್ರಲೇ" ಎಂದ. "ಚಿಂತಿ ಬಿಡ. ಇಬ್ರೂ ಹೋಗೂಣು."

ಆಯ್ಕೆ ನಡೆದದ್ದು ಕೊಲ್ಲಾಪುರದ ಒಂದು ತಾಲೀಮಿನ, ಅಂದರೆ ಗರಡಿಮನೆಯ, ಹಿಂದಿನ ಮೈದಾನದಲ್ಲಿ. ಮಾಸ್ತರರೂ ನಮ್ಮ ಜೊತೆ ಬಂದಿದ್ದರು. ಪಂಚರಾಗಿ ದಾದಾಸಾಹೇಬರೆಂಬ ಹಿರಿಯರು. ತಲೆಗೆ ಜರಿಯ ಪಟಕ, ಕೊರಳಲ್ಲಿ ಸೀಟಿ. ಮಧ್ಯಾಹ್ನದ ಹೊತ್ತಿಗೆ ಆರು ಹೆಸರು ಗಟ್ಟಿಯಾದವು. ಉಳಿದದ್ದು ಒಂದು ಜಾಗ. ಇಚಲಕರಂಜಿಯಿಂದ ಒಬ್ಬನನ್ನು ತೆಗೆದುಕೊಳ್ಳುತ್ತೇವೆ ಎಂದು ದಾದಾಸಾಹೇಬರು ಹೇಳಿ, ನನ್ನನ್ನು ಒಂದು ಕಡೆಗೂ ಅಪ್ಪಣ್ಣನನ್ನು ಇನ್ನೊಂದು ಕಡೆಗೂ ಹಾಕಿದರು.

ನನ್ನ ಕಡೆ ಇದ್ದವನೊಬ್ಬ ಕೊಲ್ಲಾಪುರದ ಗುಂಡು. ಬಾಯಿ ಹರಕ, ಆಟದಲ್ಲಿ ಗಟ್ಟಿಗ. "ದೋನ್ ಕಾನಡಿ, ಏಕ್ ಖುರ್ಚಿ" ಎಂದು ನನ್ನ ಭುಜಕ್ಕೆ ಗುದ್ದಿದ. ಇಬ್ಬರು ಕನ್ನಡದವರು, ಕುರ್ಚಿ ಒಂದೇ. ನಾನೂ ಅಪ್ಪಣ್ಣನೂ ಗೆರೆಯ ಆಚೀಚೆ ನಿಂತು ನಕ್ಕೆವು. ಆಗ ಇನ್ನೂ ನಗಬಹುದಾಗಿತ್ತು.

ಆಟ ಮುಗಿಯಲು ಸ್ವಲ್ಪವೇ ಹೊತ್ತು ಉಳಿದಾಗ ನನ್ನ ಪಾಳಿ ಬಂತು. ಅವರ ಕಡೆ ಇಬ್ಬರೇ ಉಳಿದಿದ್ದರು. ಅಪ್ಪಣ್ಣ ಎಡಮೂಲೆಯಲ್ಲಿ. ದಮ್ಮು ಹಿಡಿದು ಹೋದೆ. ಹೊಸ ನಿಯಮದಂತೆ ಕಬಡ್ಡಿ ಎನ್ನಬೇಕಾಗಿತ್ತು, ಆ ಶಬ್ದ ಇನ್ನೂ ನನ್ನ ನಾಲಿಗೆಗೆ ಹೊಂದಿರಲಿಲ್ಲ. ಬಲಗಡೆಯವನ ಮೇಲೆ ಹೋಗುವಂತೆ ಬಾಗಿ, ತಟ್ಟನೆ ಎಡಗಾಲು ಚಾಚಿದೆ. ನನ್ನ ಹೆಬ್ಬೆರಳು ಅಪ್ಪಣ್ಣನ ಮೊಳಕಾಲಿನ ಕೆಳಗೆ, ಎಲುಬಿಗೆ ಬಡಿಯಿತು. ತಾಗಿದ್ದಲ್ಲ, ಬಡಿದದ್ದು. ನನ್ನ ಉಗುರಿನ ಅಂಚು ಒಡೆದು ರಕ್ತ ಬಂತು. ಅವನು "ಸ್" ಎಂದ. ದಮ್ಮು ಮುರಿಯದೆ ತಿರುಗಿ ನಡುಗೆರೆ ದಾಟಿದೆ.

ದಾದಾಸಾಹೇಬರು ಇನ್ನೊಂದು ಬದಿಯ ಗೆರೆ ನೋಡುತ್ತಿದ್ದರು. ಸೀಟಿ ಊದಲಿಲ್ಲ.

ಗುಂಡು ನನ್ನ ತೋಳು ಹಿಡಿದು ಅಲುಗಿಸಿದ. "ಅರೇ, ಲಾಗಲಾ ಕೀ! ಬೋಲ್ ನಾ ಪಂಚಾಂನಾ!" ತಾಗಿದೆಯಲ್ಲ, ಪಂಚರಿಗೆ ಹೇಳು ಎನ್ನುತ್ತಿದ್ದ.

ನಾನು ಹೇಳಲಿಲ್ಲ. ಹೇಳುವುದು ನನ್ನ ಕೆಲಸವೇ ಆಗಿರಲಿಲ್ಲ. ಅಪ್ಪಣ್ಣನ ಕಡೆ ನೋಡುತ್ತ ನಿಂತೆ. ಅವನು ಕೈ ಎತ್ತುತ್ತಾನೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಅದಕ್ಕೆಂದು ಕಾಯುತ್ತಿದ್ದೇನೆ ಎಂದೂ ಅನಿಸಲಿಲ್ಲ. ಅಪ್ಪಣ್ಣ ಬಗ್ಗಿದ. ಮೊಳಕಾಲ ಕೆಳಗಿನ ಧೂಳು ಒರೆಸಿಕೊಂಡ. ಚಡ್ಡಿಯ ಲಾಡಿ ಬಿಗಿಮಾಡಿದ. ಎದ್ದು ನನ್ನ ತಲೆಯ ಮೇಲಿಂದ ಎಲ್ಲೋ ನೋಡಿದ.

ಆಮೇಲೆ ದಮ್ಮು ಹಿಡಿದು ಅವನೇ ಬಂದ. ನಾನು ನಿಂತಲ್ಲೇ ನಿಂತಿದ್ದೆ. ನನ್ನನ್ನೂ ಗುಂಡುವನ್ನೂ ಮುಟ್ಟಿ ಹೋದ. ಮುಟ್ಟಿದೊಡನೆ ನಾನು ಕೈ ಎತ್ತಿದೆ, ಅಭ್ಯಾಸ. ಸೀಟಿ ಊದಿದರು. ಏಳನೆಯ ಹೆಸರು ಅಪ್ಪಣ್ಣ.

ಬಸ್ಸಿನಲ್ಲಿ ಮಾಸ್ತರರು ನಮ್ಮಿಬ್ಬರ ನಡುವೆ ಕೂತರು. ಹಾತಕಣಂಗಲೆ ಬರುವವರೆಗೂ ಅಪ್ಪಣ್ಣ ಕಿಟಕಿಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದ. ನಿದ್ದೆ ಮಾಡುವವನ ಕಣ್ಣು ಹಾಗೆ ಬಿಗಿಯಾಗಿರುವುದಿಲ್ಲ. ನಾನು ಮೌನಕ್ಕೆ ಹೊಸಬನಲ್ಲ. ಅದರ ಜಾತಿಗಳು ನನಗೆ ಗೊತ್ತು ಎಂದುಕೊಂಡಿದ್ದೆ. ಇದು ಬೇರೆ ಇತ್ತು. ಆ ಬಸ್ಸಿನಲ್ಲಿ ನಾವಿಬ್ಬರು ಒಂದೇ ಮಾತನ್ನು ಬಾಯಲ್ಲಿ ಇಟ್ಟುಕೊಂಡು, ಯಾರು ಮೊದಲು ಉಗುಳುತ್ತಾರೆ ಎಂದು ಕಾಯುತ್ತಿದ್ದೆವು.

ಮರುದಿನದ ಬಸ್ಸಿಗೆ ನಾನು ಊರಿಗೆ ಹೋಗಬೇಕಾಗಿತ್ತು, ಹೋಗಲಿಲ್ಲ. ಅಪ್ಪಣ್ಣ ಬಂದು ಹೇಳುತ್ತಾನೆ ಎಂದುಕೊಂಡೆ. ಜಾಗ ಹೋದದ್ದು ಹೋಯಿತು, ಅವನು ಬಂದು ಒಂದು ಮಾತು ಹೇಳಿದರೆ ಸಾಕು, ಗಡಹಿಂಗ್ಲಜಕ್ಕೆ ಹೋಗಿ ಮೆಣಸಿನಕಾಯಿಯ ಘಾಟಿನಲ್ಲಿ ಆಯುಷ್ಯ ಕಳೆಯಬಲ್ಲೆ ಎಂದು ನನಗೆ ನಾನೇ ಹೇಳಿಕೊಂಡೆ. ಎರಡು ದಿನ ಕಾದೆ. ಗೋಡೆಯಾಚೆ ಅವನು ಕೆಮ್ಮುವುದು, ತಾಯಿಗೆ ನೀರು ಕೇಳುವುದು ಎಲ್ಲ ಕೇಳಿಸುತ್ತಿತ್ತು. ಹೌಸಾಬಾಯಿ ರೊಟ್ಟಿ ತಂದು ಕೊಟ್ಟು, "ಯಾಕೋ ಗುರು, ಇಬ್ರೂ ಮಾರಿ ಊದಿಸಿಕೊಂಡ ಕುಂತೀರಿ? ಅವಗ ಸಿಕ್ಕದ್ದು ನಿನಗ ಸಿಕ್ಕಂಗಲ್ಲೇನ?" ಎಂದಳು. ಹೌದ್ರಿ ಎಂದೆ.

ಮೂರನೆಯ ದಿನ ಮಾಸ್ತರರ ಮನೆಗೆ ಹೋದೆ. ಅವರು ಹೊಸಲಿನ ಮೇಲೆ ಕೂತು ಲಾಳಿಯೊಂದನ್ನು ಉಜ್ಜಿ ನುಣುಪು ಮಾಡುತ್ತಿದ್ದರು.

"ಮಾಸ್ತರ, ಅವತ್ತ ನಾ ಅಪ್ಪಣ್ಣಗ ಮುಟ್ಟಿದ್ದೆ."

ಅವರು ಲಾಳಿಯಿಂದ ತಲೆ ಎತ್ತಲಿಲ್ಲ. "ನೋಡೇನಿ."

"ನೋಡೀರಿ?"

"ಗೆರೀ ಮ್ಯಾಲ ಕುಂತಿದ್ನೆಲೊ. ನನ್ನ ಮುಂದ ಆತು."

ಲಾಳಿ ಉಜ್ಜುತ್ತಲೇ ಅವರೇ ಹೇಳಿದರು. "ಹ್ವಾದಾಂವ ಹೋಗ್ಲಿ ಬಿಡಪಾ. ನೀ ಬಿ.ಎ. ಆದಾಂವ. ನಿಮ್ಮಪ್ಪಂದು ಅಂಗಡಿ ಐತಿ. ಇಲ್ಲಿ ಎಷ್ಟ ದಿನ ಇರಾಂವ ನೀ? ಇವತ್ತ ಅದಿ, ನಾಳೆ ಎದ್ದ ಹೋಕ್ಕಿ. ಅವಗ ಇದೊಂದ ಬಿಟ್ರ ನಾಕ ಮಗ್ಗ. ಕಿವಿ ಕಿವುಡ ಆಗೂಮಟಾ ಅವ ನಾಕ ಮಗ್ಗ."

"ನಿಯಮ ನಿಮ್ದರಿ."

"ಓಣ್ಯಾಗಿಂದದು" ಎಂದರು. "ಅದು ಕೊಲ್ಲಾಪುರ."

ಅವರ ಮಾತಿನಲ್ಲಿ ತಪ್ಪು ಹುಡುಕಿದೆ, ಹೆಚ್ಚು ಸಿಗಲಿಲ್ಲ. ಅಪ್ಪಣ್ಣನಿಗೆ ನನಗಿಂತ ಹೆಚ್ಚು ಬೇಕಾಗಿತ್ತು ಎಂಬುದು ನಿಜವೇ ಇರಬಹುದು. ನನ್ನನ್ನು ಕೇಳಿದ್ದರೆ ಬಿಟ್ಟುಕೊಡುತ್ತಿದ್ದೆನೋ ಏನೋ. ಯಾರೂ ಕೇಳಲಿಲ್ಲ. ಎರಡು ವರ್ಷ ಅವರ ಅಂಗಳದಲ್ಲಿ ಮೊಳಕಾಲು ಕೆತ್ತಿಸಿಕೊಂಡ ಮೇಲೂ ಅವರ ಲೆಕ್ಕದಲ್ಲಿ ನಾನು ನಾಳೆ ಎದ್ದು ಹೋಗುವವನು. ಎದ್ದು ಹೋಗುವವನ ಮುಂದೆ ಕೈ ಎತ್ತಬೇಕಾಗಿಲ್ಲ.

ಊರಿಗೆ ಹೊರಡಲು ಟ್ರಂಕು ಕಟ್ಟುತ್ತಿದ್ದ ದಿನ ಬೆಳಿಗ್ಗೆ ದಾದಾಸಾಹೇಬರು ಓಣಿಗೆ ಬಂದರು. ಗುಂಡು ಅವರ ಹತ್ತಿರ ದೂರು ಕೊಟ್ಟಿದ್ದ. ಆರಿಸಿದವರ ಪಟ್ಟಿ ಇನ್ನೂ ಮೇಲಕ್ಕೆ ಹೋಗಿರಲಿಲ್ಲ, ಆ ಸಂಜೆ ಹೋಗುವುದಿತ್ತು. ಮಾಸ್ತರರು ಅವರನ್ನು ನನ್ನ ಖೋಲಿಗೆ ಕರೆತಂದು ಬಾಗಿಲಲ್ಲೇ ನಿಂತರು.

"ಖರಂ ಸಾಂಗ್" ಎಂದರು ದಾದಾಸಾಹೇಬರು, ನಿಜ ಹೇಳು ಎಂದು. ಆಮೇಲೆ ನನಗಾಗಿ ಕನ್ನಡಕ್ಕೆ ತಿರುಗಿದರು. ಅವರ ತಾಯಿ ಹಲಕರ್ಣಿ ಕಡೆಯವರಂತೆ. "ನಿನ್ನ ಕಾಲ ಅವಗ ತಾಗಿತ್ತ? ತಾಗಿತ್ತ ಅಂದ್ರ ಹೆಸರ ತಿದ್ದತೇನಿ. ಪೆನ್ನ ಕಿಸೇದಾಗ ಐತಿ."

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಒಂದೇ ಶಬ್ದ. ಅದು ಬಾಯಿಯ ತನಕ ಬಂದಿತ್ತು. ಮಾಸ್ತರರು ನನ್ನನ್ನೇ ನೋಡುತ್ತಿದ್ದರು. ಅವರ ಮುಖದಲ್ಲಿ ಹೆದರಿಕೆ ಕಂಡಿತು. ನಾನು ಹೇಳಿಬಿಡುತ್ತೇನೆ ಎಂಬ ಹೆದರಿಕೆ.

"ಮುಟ್ಟಿಸಿಕೊಂಡಾವನ್ನ ಕೇಳ್ರಿ" ಎಂದೆ.

ಇದನ್ನು ಹೇಳುವಾಗ ನನ್ನಲ್ಲಿ ಸ್ವಲ್ಪ ಸಂತೋಷವೂ ಇತ್ತು ಎಂದು ಒಪ್ಪಿಕೊಳ್ಳಬೇಕು. ಸುಮ್ಮನಿರುವುದು ಬೇರೆ, ಸುಳ್ಳು ಹೇಳುವುದು ಬೇರೆ ಎಂದುಕೊಂಡಿದ್ದೆ. ಆ ದಿನ ಮೈದಾನದಲ್ಲಿ ಅವನಿಗೆ ಕೈ ಏಳಲಿಲ್ಲ, ಮನುಷ್ಯನಿಗೆ ಒಮ್ಮೊಮ್ಮೆ ಹಾಗಾಗುತ್ತದೆ. ಹಿರಿಯನೊಬ್ಬ ಎದುರು ನಿಂತು ಕೇಳಿದರೆ, ನಾನೂ ಅಲ್ಲಿ ನಿಂತಿದ್ದರೆ, ಅಪ್ಪಣ್ಣ ಅಪ್ಪಣ್ಣನೇ ಆಗುತ್ತಾನೆ.

ಮೂವರೂ ಕಾರಖಾನೆಗೆ ನಡೆದೆವು. ಮಗ್ಗದ ಶೆಡ್ಡಿನೊಳಗೆ ಕಾಲಿಟ್ಟರೆ ಮಾತು ಎಂಬುದು ಇರುವುದಿಲ್ಲ. ನಲವತ್ತು ಮಗ್ಗ ಒಟ್ಟಿಗೆ ಬಡಿಯುತ್ತಿದ್ದವು, ನೆಲವೇ ನಡುಗುತ್ತಿತ್ತು. ಹತ್ತಿಯ ಧೂಳು ಎಲ್ಲರ ರೆಪ್ಪೆಗಳ ಮೇಲೆ. ಅಲ್ಲಿ ಕೆಲಸದವರು ಬೆರಳಿನಿಂದ, ಹುಬ್ಬಿನಿಂದ ಮಾತಾಡುತ್ತಾರೆ. ಅಪ್ಪಣ್ಣ ಎರಡು ಮಗ್ಗಗಳ ನಡುವೆ ನಿಂತಿದ್ದ. ನಮ್ಮನ್ನು ಕಂಡು ಕೈಯಲ್ಲಿದ್ದ ಲಾಳಿಯನ್ನು ಹಿಡಿದೇ ಉಳಿದ.

ದಾದಾಸಾಹೇಬರು ಅವನ ಕಿವಿಯ ಹತ್ತಿರ ಬಾಗಿ ಕೇಳಿದರು. ಅವನು ನನ್ನ ಕಡೆ ನೋಡಿದ. ಈ ಸಲ ತಲೆಯ ಮೇಲಿಂದಲ್ಲ, ನೇರ ನನ್ನ ಕಣ್ಣನ್ನೇ ನೋಡಿದ. ಏನೋ ಹೇಳಿದ. ದಾದಾಸಾಹೇಬರಿಗೆ ಕೇಳಿಸಲಿಲ್ಲ. ಕಿವಿಗೆ ಕೈ ಹಿಡಿದು ಮತ್ತೆ ಕೇಳಿದರು.

"ಇಲ್ರೀ!" ಎಂದು ಅಪ್ಪಣ್ಣ ಕೂಗಿದ. ಇನ್ನೂ ಕೇಳಿಸಲಿಲ್ಲ.

"ಮುಟ್ಟಿಲ್ರೀ! ಅಂವ ನನ್ನ ಮುಟ್ಟಿಲ್ಲ!"

ಕುತ್ತಿಗೆಯ ನರ ಉಬ್ಬಿಸಿ ಕೂಗಿದ. ಪಕ್ಕದ ಮಗ್ಗದವನು ತಿರುಗಿ ನೋಡಿದ. ಮಗ್ಗವೊಂದರಲ್ಲಿ ಎಳೆ ಹರಿಯಿತು, ಅಪ್ಪಣ್ಣ ಅದರ ಕಡೆ ಹೋಗಿ ಬಾಗಿದ. ಅವನ ಬೆರಳು ಗಂಟು ಹಾಕುವುದರಲ್ಲಿ ಇಡೀ ಶೆಡ್ಡಿನಲ್ಲೇ ಚುರುಕು. ನಾವು ಹೊರಗೆ ಬರುವವರೆಗೂ ಆ ಒಂದು ಗಂಟು ಮುಗಿದಿರಲಿಲ್ಲ.

ಹೊರಗೆ ದಾದಾಸಾಹೇಬರು ಪಟಕದ ಮೇಲಿನ ಹತ್ತಿ ಕೊಡವಿಕೊಂಡರು. ಮಾಸ್ತರರು ಸೊಂಟದ ಚಂಚಿ ಬಿಚ್ಚಿ ಅವರಿಗೆ ಎಲೆ ಅಡಿಕೆ ಕೊಟ್ಟರು. ನನಗೂ ಕೈ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

ಆ ಮಧ್ಯಾಹ್ನದ ಬಸ್ಸಿಗೆ ಗಡಹಿಂಗ್ಲಜಕ್ಕೆ ಹೊರಟೆ. ಅಪ್ಪ ಏನೂ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಅಂಗಡಿಯ ಬೀಗದಕೈ ನನ್ನ ಮುಂದೆ ಇಟ್ಟರು. ಮೊದಲ ತಿಂಗಳು ಸೀನಿ ಸೀನಿ ಕಣ್ಣು ಕೆಂಪಾಗುತ್ತಿದ್ದವು. ಆಮೇಲೆ ಘಾಟು ಮೈಗೆ ಹತ್ತಿತು. ಸಂಜೆ ಊರಿನ ಹುಡುಗರು ಹೊಳೆಯ ದಾರಿಯಲ್ಲಿ ಫುಟ್‌ಬಾಲ್ ಒದೆಯುತ್ತಿದ್ದರು, ನಾನು ಆ ಕಡೆ ಹೋಗಲಿಲ್ಲ. ಒಂದು ದಿನ ಮೆಣಸಿನಕಾಯಿ ಕಟ್ಟಿಕೊಡಲು ತಂದ ಹಳೆಯ ಮರಾಠಿ ಪತ್ರಿಕೆಯಲ್ಲಿ ಮಹಾರಾಷ್ಟ್ರದ ತಂಡದ ಚಿತ್ರವಿತ್ತು. ಹಿಂದಿನ ಸಾಲಿನಲ್ಲಿ ಅಪ್ಪಣ್ಣ. ಎದೆಯ ಮೇಲೆ ಅಕ್ಷರಗಳಿದ್ದ ಬನಿಯನ್ನು, ಕೈ ಕಟ್ಟಿಕೊಂಡು ನಿಂತಿದ್ದ. ಆ ಹಾಳೆಯಲ್ಲಿ ಮೆಣಸಿನಕಾಯಿ ಕಟ್ಟಲಿಲ್ಲ. ಇಟ್ಟುಕೊಳ್ಳಲೂ ಇಲ್ಲ, ಗಾದಿಯ ಪಕ್ಕ ಇಟ್ಟಿದ್ದೆ, ಯಾರೋ ತೆಗೆದುಕೊಂಡು ಹೋದರು.

ಮಳೆಗಾಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅವನೇ ಅಂಗಡಿಯ ಮುಂದೆ ನಿಂತಿದ್ದ. ಸ್ವಲ್ಪ ದಪ್ಪವಾಗಿದ್ದ. ಕಾಲಲ್ಲಿ ಬೂಟು.

"ಬಿದ್ರಿ ಸಕ್ಕರಿ ಕಾರಖಾನ್ಯಾಗ ಕೆಲಸ ಸಿಕ್ಕೈತಿ" ಎಂದ. "ಅವ್ವನ್ನ ಕರಕೊಂಡ ಹೋಗಾಕತ್ತೇನಿ. ಹಂಗ ಬಂದೆ."

ಕೂರು ಎಂದು ನಾನು ಹೇಳಲಿಲ್ಲ. ಅವನು ಚೀಲದ ಮೇಲೆ ತಾನೇ ಕೂತ. ಅಪ್ಪ ಒಳಗಿನ ಖೋಲಿಯಲ್ಲಿದ್ದರು.

"ನೀ ಯಾಕ ಹೇಳಲಿಲ್ಲ ಅವತ್ತ?" ಎಂದ ಅಪ್ಪಣ್ಣ. "ದಾದಾಸಾಹೇಬ್ರ ನಿನ್ನ ಮನೀಗೆ ಬಂದ ಕೇಳಿದ್ರು. ನೀ ಹೌದ ಅಂದಿದ್ರ ಮುಗೀತಿತ್ತು. ನಾನೂ ಹೌದ ಅಂತಿದ್ದೆ. ನೀ ತಂದ ನನ್ನ ತಲೀಮ್ಯಾಲ ಇಟ್ಟಿ. ಶೆಡ್ಡಿನಾಗ ಎಲ್ಲಾರ ಮುಂದ ಒದರೂವಂಗ ಮಾಡಿದಿ."

ಅವನ ದನಿಯಲ್ಲಿ ನಿಜವಾದ ನೋವಿತ್ತು. ಹತ್ತು ತಿಂಗಳು ಅವನು ಇದನ್ನೇ ನಂಬಿ ಬದುಕಿದ್ದಾನೆ, ತಪ್ಪು ನನ್ನದು ಎಂದು. ನಾನು ಅವನ ಮೇಲೆ ಇಟ್ಟದ್ದನ್ನು ನಂಬಿಕೆ ಎಂದು ಕರೆಯುತ್ತಿದ್ದೆ. ಅದು ಅವನಿಗೆ ಹೊರೆಯಾಗಿ ಕಂಡಿದ್ದರೆ ನಾನು ಏನು ಮಾಡಲಿ?

"ಈಗ ಹೇಳ" ಎಂದೆ. "ಇಲ್ಲಿ ಯಾರೂ ಇಲ್ಲ. ನಾ ಮುಟ್ಟಿದ್ನೋ ಇಲ್ಲೋ?"

ಅವನು ಬೂಟಿನ ಲಾಡಿ ನೋಡಿಕೊಂಡ.

"ಮುಟ್ಟಿದ್ದಿ" ಎಂದ.

ಆ ಮಾತಿಗಾಗಿ ನಾನು ಗೋಡೆಗೆ ಕಿವಿಗೊಟ್ಟು ಕೂತಿದ್ದೆ. ಈಗ ಬಂತು. ನನಗೆ ಗೊತ್ತಿದ್ದ ವಿಷಯವನ್ನು ನನಗೇ ಹೇಳಿದ, ಅಷ್ಟೇ. ನಾನು ಹಗುರಾಗಲಿಲ್ಲ. ಅವನು ಹಗುರಾದ, ಅದು ಎದ್ದು ಕಾಣುತ್ತಿತ್ತು. ಭುಜ ಇಳಿಬಿಟ್ಟು, ಬೀದಿಯ ಕಡೆ ನೋಡಿ ನಕ್ಕ ಕೂಡ.

"ದಾದಾಸಾಹೇಬ್ರ ಮುಂದ ಹೇಳ್ತಿ?"

ನಗು ಹೋಯಿತು. "ಗುರು, ಅಷ್ಟ ಕೇಳಬ್ಯಾಡ. ನೌಕರಿ ಹೋಕ್ಕೈತಿ."

"ಬ್ಯಾಡ ಬಿಡ."

"ಸಿಟ್ಟ ಹೋತಿಲ್ಲೊ?"

ನಾನು ತಕ್ಕಡಿಯ ಸರಪಳಿ ಸರಿಮಾಡುತ್ತಿದ್ದೆ. ಅವನು ಎದ್ದ. "ಬಸ್ಸ ಐತಿ" ಎಂದ. ಅವನು ತಿರುವು ದಾಟುವವರೆಗೂ ನಾನು ತಲೆ ಎತ್ತಲಿಲ್ಲ.

ಅಪ್ಪ ಒಳಗಿನಿಂದ ಬಂದರು. "ಯಾರೋ ಅಂವ? ಬೂಟ ಹಾಕ್ಕೊಂಡಾಂವ?"

"ಇಚಲಕರಂಜಿಯಾಂವ ರೀ. ಹುತುತು ಆಡತಾನ. ಮಹಾರಾಷ್ಟ್ರದ ಟೀಮಿನ್ಯಾಗ ಅದಾನ."

"ಹೌದ?" ಅಪ್ಪ ಬಾಗಿಲ ತನಕ ಹೋಗಿ ಖಾಲಿ ಬೀದಿ ನೋಡಿದರು. "ಹುಚ್ಚ ಅದಿಯೇನೋ? ಅಷ್ಟ ದೊಡ್ಡಾಂವ ಅಂಗಡಿಗೆ ಬಂದಾನ, ಚಹಾ ಸೈತ ಕೇಳಲಿಲ್ಲಲ್ಲೊ ನೀ."

"ಹೌದ್ರಿ" ಎಂದೆ. "ಕೇಳಲಿಲ್ಲ."